ಬಿಲ್ಲಿನ ಕಟ್ಟು ಬಿಚ್ಚಿ: ಅಪಾರ್ಟ್‌ಮೆಂಟ್, ಕಾಲೇಜು, ಕಾರ್ಖಾನೆಯಲ್ಲಿ ಹಸಿರುಮನೆ ಅನಿಲ ಇಳಿಸುವ ದಾರಿ

ಒಂದು ಜೂನ್ 5ರಂದು ನಮ್ಮ ಬಡಾವಣೆಯಲ್ಲಿ ಪರಿಸರ ದಿನ ಮಾಡಿದೆವು. ಹತ್ತು ಹೊಂಗೆ ಸಸಿ, ಶಾಮಿಯಾನ, ಮೈಕು, ಕೇಸರಿಬಾತ್. ಅಧ್ಯಕ್ಷರ ಭಾಷಣ ಶುರುವಾಗುವ ಹೊತ್ತಿಗೆ ಸರಿಯಾಗಿ ಕರೆಂಟು ಹೋಯಿತು. ಮೈಕಿಗೋಸ್ಕರ ಜನರೇಟರ್ ಹಾಕಿದರು. ಶಾಮಿಯಾನದ ಹಿಂದೆ ಅದು ಮೂರು ಗಂಟೆ ಗುಡುಗುಡು ಎನ್ನುತ್ತಾ ಓಡಿತು. ಆಮೇಲೆ ಮನೆಗೆ ಬಂದು ಸುಮ್ನೆ ಲೆಕ್ಕ ಹಾಕಿದೆ. ಸುಟ್ಟದ್ದು ಹನ್ನೊಂದು ಲೀಟರ್ ಡೀಸೆಲ್. ಒಂದು ಲೀಟರ್ ಉರಿದರೆ ಸುಮಾರು 2.7 ಕೆಜಿ ಕಾರ್ಬನ್ ಡೈಆಕ್ಸೈಡ್ ಬರುತ್ತದೆ, ಭೂಮಿಯ ಬಿಸಿ ಏರಿಸುವ ಹಸಿರುಮನೆ ಅನಿಲಗಳಲ್ಲಿ ಮುಖ್ಯವಾದದ್ದು ಇದೇ. ಅಲ್ಲಿಗೆ 30 ಕೆಜಿ. ಚೆನ್ನಾಗಿ ಬೆಳೆದ ಒಂದು ಮರ ವರ್ಷವಿಡೀ ಹೀರಿಕೊಳ್ಳುವುದೇ ಹತ್ತಿಪ್ಪತ್ತು ಕೆಜಿ. ನಮ್ಮ ಹತ್ತು ಸಸಿಗಳಲ್ಲಿ ಉಳಿದದ್ದು ನಾಲ್ಕು. ಮಿಕ್ಕವು ಆಡಿನ ಪಾಲಾದವು.

ಸಸಿ ನೆಡಬೇಡಿ ಎನ್ನುತ್ತಿಲ್ಲ. ನೆರಳಿಗೆ ಬೇಕು, ಹಕ್ಕಿಗೆ ಬೇಕು. ಆದರೆ ಹೊಗೆ ಇಳಿಸುವ ಕೆಲಸಕ್ಕೆ ಅದು ಮೊದಲ ಹೆಜ್ಜೆ ಅಲ್ಲ. ಮೊದಲ ಹೆಜ್ಜೆ ಅಸೋಸಿಯೇಷನ್ ಆಫೀಸಿನ ಬೀರುವಿನಲ್ಲಿ, ಕಾಲೇಜಿನ ಅಕೌಂಟ್ಸ್ ಸೆಕ್ಷನ್ನಿನಲ್ಲಿ, ಕಾರ್ಖಾನೆಯ ಗುಮಾಸ್ತರ ಫೈಲಿನಲ್ಲಿ ಕಟ್ಟಿಟ್ಟಿದೆ. ಅವೇ ಬಿಲ್ಲುಗಳು.

ಹೆಜ್ಜೆ 1: ಹನ್ನೆರಡು ತಿಂಗಳ ಬಿಲ್ಲು ಹರಡಿ ಕೂರಿ

ಕರೆಂಟು, ಡೀಸೆಲ್, ಪೆಟ್ರೋಲ್, ಗ್ಯಾಸ್ ಸಿಲಿಂಡರ್, ನೀರಿನ ಟ್ಯಾಂಕರ್, ಎಸಿ ರಿಪೇರಿ. ಈ ಆರು ಬಾಬತ್ತಿನ ಒಂದು ವರ್ಷದ ಬಿಲ್ಲುಗಳು ಸಾಕು. ಇದಕ್ಕೆ ಕನ್ಸಲ್ಟೆಂಟ್ ಬೇಕಿಲ್ಲ. ಒಂದು ಭಾನುವಾರ, ಇಬ್ಬರು ಜನ, ಒಂದು ಕ್ಯಾಲ್ಕುಲೇಟರ್ ಇದ್ದರೆ ಆಯಿತು. ರೂಪಾಯಿ ಬರೆದುಕೊಳ್ಳಬೇಡಿ, ಯೂನಿಟ್ ಮತ್ತು ಲೀಟರ್ ಬರೆದುಕೊಳ್ಳಿ. ದರ ವರ್ಷವರ್ಷ ಬದಲಾಗುತ್ತದೆ, ಯೂನಿಟ್ ಬದಲಾಗುವುದಿಲ್ಲ. ಗೃಹಜ್ಯೋತಿಯಲ್ಲಿ ಬಿಲ್ಲು ಸೊನ್ನೆ ಬರುವ ಮನೆಗಳಲ್ಲೂ ಬಳಸಿದ ಯೂನಿಟ್ ಚೀಟಿಯಲ್ಲಿ ಇರುತ್ತದೆ, ಅದನ್ನೇ ನೋಡಿ.

ಈಗ ಗುಣಿಸಿ. ಒಂದು ಯೂನಿಟ್ ಕರೆಂಟಿಗೆ ಸುಮಾರು 0.7 ಕೆಜಿ ಕಾರ್ಬನ್ ಡೈಆಕ್ಸೈಡ್ (ಮುಂದೆ ಬರೀ ಕಾರ್ಬನ್ ಎಂದಾಗಲೂ ಇದೇ). ಇದು ದೇಶದ ಗ್ರಿಡ್‌ನ ಸರಾಸರಿ, ಕೇಂದ್ರ ವಿದ್ಯುತ್ ಪ್ರಾಧಿಕಾರ ಪ್ರತಿ ವರ್ಷ ಪ್ರಕಟಿಸುತ್ತದೆ. ಡೀಸೆಲ್ ಲೀಟರಿಗೆ 2.7, ಪೆಟ್ರೋಲ್ ಲೀಟರಿಗೆ 2.3. ಮನೆಯ 14.2 ಕೆಜಿ ಸಿಲಿಂಡರಿಗೆ 42 ಕೆಜಿ, ಹೋಟೆಲಿನ 19 ಕೆಜಿ ಸಿಲಿಂಡರಿಗೆ 57 ಕೆಜಿ. ಶುರು ಮಾಡಲು ಇಷ್ಟು ಸಾಕು.

ನೂರು ಮನೆಯ ಒಂದು ಅಪಾರ್ಟ್‌ಮೆಂಟ್ ಇದೆ ಅಂದುಕೊಳ್ಳಿ. ಲಿಫ್ಟು, ಪಂಪು, ಕಾರಿಡಾರ್ ದೀಪ, ಎಸ್‌ಟಿಪಿ (ಕೊಳಚೆ ನೀರು ಶುದ್ಧ ಮಾಡುವ ಘಟಕ) ಸೇರಿ ಕಾಮನ್ ಮೀಟರ್ ತಿಂಗಳಿಗೆ 8,000 ಯೂನಿಟ್. ಅದು 5,600 ಕೆಜಿ ಆಯಿತು. ಜನರೇಟರಿಗೆ 150 ಲೀಟರ್ ಡೀಸೆಲ್, ಅದು 405 ಕೆಜಿ. ಮನೆಗೊಂದು ಸಿಲಿಂಡರ್, 4,200 ಕೆಜಿ. ಮನೆಗೆ 150 ಯೂನಿಟ್‌ನಂತೆ ಕರೆಂಟು, 10,500 ಕೆಜಿ. ಸಭೆಯಲ್ಲಿ ಎಲ್ಲರೂ ಬೈಯುವುದು ಜನರೇಟರನ್ನು, ಏಕೆಂದರೆ ಅದು ಸದ್ದು ಮಾಡುತ್ತದೆ, ಕಪ್ಪು ಹೊಗೆ ಬಿಡುತ್ತದೆ. ಆದರೆ ಈ ಲೆಕ್ಕದಲ್ಲಿ ಅದರ ಪಾಲು ನೂರಕ್ಕೆ ಎರಡು. ಸದ್ದಿಲ್ಲದೆ ಹೋಗುವುದೇ ಜಾಸ್ತಿ.

ದೊಡ್ಡ ಕಂಪನಿಗಳು ಇದೇ ಲೆಕ್ಕವನ್ನು ಮೂರು ಸ್ಕೋಪ್ ಎಂದು ವಿಂಗಡಿಸುತ್ತವೆ. ನಮ್ಮ ಜಾಗದಲ್ಲಿ ನಾವೇ ಸುಟ್ಟದ್ದು ಮತ್ತು ಸೋರಿಸಿದ್ದು ಒಂದನೆಯದು. ನಮಗೆ ಬಂದ ಕರೆಂಟಿಗಾಗಿ ಬೇರೆ ಕಡೆ ಸುಟ್ಟದ್ದು ಎರಡನೆಯದು. ಕೊಂಡ ಸಾಮಾನು, ಓಡಾಟ, ಎಸೆದ ಕಸ ಎಲ್ಲ ಮೂರನೆಯದು. ಮೂರನೆಯದಕ್ಕೆ ಕೊನೆಯಿಲ್ಲ. ಮೊದಲ ವರ್ಷ ಅದರಲ್ಲಿ ಕಸ ಮತ್ತು ಓಡಾಟ ಎರಡನ್ನು ಮಾತ್ರ ಹಿಡಿದುಕೊಳ್ಳಿ. ಪೂರ್ತಿ ಲೆಕ್ಕ ಆಗಲಿ ಎಂದು ಕಾಯುತ್ತಾ ಕೂತು ಏನೂ ಮಾಡದ ಸಮಿತಿಗಳನ್ನು ನೋಡಿದ್ದೇನೆ.

ಹೆಜ್ಜೆ 2: ಸ್ವಿಚ್ಚಿನ ಮೇಲೆ ಕೈಯಿರುವವರನ್ನು ಕೂರಿಸಿಕೊಳ್ಳಿ

ಸಮಿತಿ ಎಂದರೆ ನಮ್ಮಲ್ಲಿ ನಿವೃತ್ತ ಎಂಜಿನಿಯರು, ಇಬ್ಬರು ಐಟಿಯವರು, ಒಬ್ಬರು ಮೇಡಂ. ಪಂಪ್ ಆನ್ ಮಾಡುವವರು, ಜನರೇಟರ್ ನೋಡಿಕೊಳ್ಳುವವರು, ಮೆಸ್ಸಿನ ಭಟ್ಟರು ಅದರಲ್ಲಿ ಇರುವುದೇ ಇಲ್ಲ. ಆದರೆ ಎಲ್ಲಿ ಏನು ಪೋಲಾಗುತ್ತಿದೆ ಎಂದು ಗೊತ್ತಿರುವುದು ಅವರಿಗೇ.

ನಮ್ಮ ವಾಟರ್‌ಮನ್ ಅಣ್ಣನನ್ನು ಮೊದಲ ಸಲ ಸಭೆಗೆ ಕರೆದಾಗ ಅವರು ಕುರ್ಚಿಯಲ್ಲಿ ಕೂರಲು ಹತ್ತು ನಿಮಿಷ ಸಂಕೋಚಪಟ್ಟರು. ಆಮೇಲೆ ಹೇಳಿದ್ದು ಒಂದೇ ಮಾತು: "ಸಾರ್, ಬಿ ಬ್ಲಾಕ್ ಟ್ಯಾಂಕಿನ ವಾಲ್ವು ಹೋಗಿ ಏಳು ತಿಂಗಳಾಯ್ತು. ಮೇಲೆ ಹೋದ ನೀರು ವಾಪಸ್ ಸಂಪಿಗೆ ಬರ್ತದೆ. ಯಾರೂ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ." ಏಳು ತಿಂಗಳು ಒಂದೇ ನೀರನ್ನು ಮತ್ತೆ ಮತ್ತೆ ಎತ್ತಿದ್ದೆವು. ವಾಲ್ವು ಬದಲಿಸಲು ಅರ್ಧ ದಿನ ಸಾಕಾಯಿತು.

ಆದ್ದರಿಂದ ಚೆಕ್ಕಿಗೆ ಸಹಿ ಹಾಕುವವರು ಒಬ್ಬರು, ಸ್ವಿಚ್ ಒತ್ತುವವರು ಒಬ್ಬರು, ಲೆಕ್ಕ ಬರೆಯುವವರು ಒಬ್ಬರು ಇರಲಿ. ಮೂರು ಜನ ಸಾಕು, ಹನ್ನೊಂದು ಜನರ ವಾಟ್ಸಾಪ್ ಗುಂಪು ಬೇಡ.

ಹೆಜ್ಜೆ 3: ರಾತ್ರಿ ಮೀಟರ್ ಓದಿ

ಇದು ನನ್ನ ಇಷ್ಟದ ಕೆಲಸ. ರಾತ್ರಿ ಹನ್ನೊಂದಕ್ಕೆ ಮೀಟರ್ ಓದಿ, ಬೆಳಗಿನ ಜಾವ ಐದಕ್ಕೆ ಮತ್ತೆ ಓದಿ. ಕಾಲೇಜು, ಆಫೀಸು, ಕಾರ್ಖಾನೆಯಾದರೆ ಭಾನುವಾರ ಇಡೀ ದಿನ ಓದಿ. ಯಾರೂ ಕೆಲಸ ಮಾಡದ ಹೊತ್ತಿನಲ್ಲಿ ಓಡಿದ ಯೂನಿಟ್‌ಗೆ ಯಾರಾದರೂ ಉತ್ತರ ಹೇಳಬೇಕಲ್ವಾ? ಫ್ರಿಜ್, ಸರ್ವರ್, ದಾರಿದೀಪ ಸರಿ. ಮಿಕ್ಕದ್ದನ್ನು ಟಾರ್ಚ್ ಹಿಡಿದು ಹುಡುಕಿ. ಕಂಪ್ಯೂಟರ್ ಲ್ಯಾಬಿನ ಎಸಿ, ಯಾರೂ ಇಲ್ಲದ ಸೆಮಿನಾರ್ ಹಾಲಿನ ದೀಪ, ವಾರವಿಡೀ ಆನ್ ಇರುವ ಗೀಸರ್, ಸುಮ್ಮನೆ ಓಡುತ್ತಿರುವ ಕಂಪ್ರೆಸರ್ ಸಿಗುತ್ತವೆ. ಇವನ್ನು ಆರಿಸಲು ಒಂದು ರೂಪಾಯಿಯೂ ಬೇಡ.

ಹೆಜ್ಜೆ 4: ಅಪಾರ್ಟ್‌ಮೆಂಟಿನಲ್ಲಿ ನೀರು ಮತ್ತು ಕಸ

ಕಾರ್ಬನ್ ಎಂದರೆ ಬೆಂಗಳೂರಿನವರಿಗೆ ಕಾರು ನೆನಪಾಗುತ್ತದೆ. ನಾನು ಹೇಳುವುದು, ಮೊದಲು ನಲ್ಲಿ ನೋಡಿ.

ಕಾವೇರಿ ನೀರು ಬೆಂಗಳೂರಿಗೆ ತಾನಾಗಿ ಹರಿದು ಬರುವುದಿಲ್ಲ. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಮೀ ದೂರ, 500 ಮೀಟರ್‌ನಷ್ಟು ಎತ್ತರಕ್ಕೆ ಹಂತ ಹಂತವಾಗಿ ಪಂಪ್ ಮಾಡುತ್ತಾರೆ. ಶಾಲೆಯಲ್ಲಿ ಕಲಿತ ಭೌತಶಾಸ್ತ್ರ ಸಾಕು: ಒಂದು ಸಾವಿರ ಲೀಟರ್ ನೀರನ್ನು 500 ಮೀಟರ್ ಎತ್ತಲು ಕನಿಷ್ಠ 1.36 ಯೂನಿಟ್ ಬೇಕು. ಪಂಪು, ಕೊಳವೆಗಳಲ್ಲಿ ಕಳೆದುಹೋಗುವುದನ್ನು ಸೇರಿಸಿದರೆ ಎರಡು ಯೂನಿಟ್ ಹತ್ತಿರ. ನೂರು ಮನೆ, ಮನೆಗೆ ದಿನಕ್ಕೆ 500 ಲೀಟರ್ ಎಂದರೆ ದಿನಕ್ಕೆ 100 ಯೂನಿಟ್, ತಿಂಗಳಿಗೆ 3,000 ಯೂನಿಟ್, ಎರಡು ಟನ್ ಕಾರ್ಬನ್. ಈ ಕರೆಂಟು ನಿಮ್ಮ ಬಿಲ್ಲಿನಲ್ಲಿ ಕಾಣುವುದೇ ಇಲ್ಲ, ಜಲಮಂಡಳಿಯ ಬಿಲ್ಲಿನಲ್ಲಿ ಇರುತ್ತದೆ. ಅದರ ಮೇಲೆ ನಿಮ್ಮ ಸಂಪಿನಿಂದ ಟ್ಯಾಂಕಿಗೆ ಎತ್ತುವ ಖರ್ಚು ಬೇರೆ. ಟ್ಯಾಂಕರ್ ನೀರಾದರೆ ಬೋರ್‌ವೆಲ್ ಆಳದ ಕರೆಂಟು, ಲಾರಿಯ ಡೀಸೆಲ್ ಎರಡೂ.

2024ರ ಬೇಸಿಗೆಯಲ್ಲಿ ನೀರಿಗೆ ಹಾಹಾಕಾರ ಎದ್ದಾಗ ಜಲಮಂಡಳಿ ನಲ್ಲಿಗಳಿಗೆ ಏರೇಟರ್ ಹಾಕಿಸಬೇಕೆಂದು ಆದೇಶ ಹೊರಡಿಸಿತು. ಮಳೆ ಬಂದ ಮೇಲೆ ಬಹಳ ಜನ ಮರೆತರು. ನಲ್ಲಿಯ ಬಾಯಿಗೆ ತಿರುಗಿಸಿ ಕೂರಿಸುವ ಈ ಪುಟ್ಟ ಜಾಲರಿ ಕೈ ತೊಳೆಯುವ ನೀರನ್ನು ಅರ್ಧಕ್ಕಿಂತ ಕಡಿಮೆ ಮಾಡುತ್ತದೆ. ಒಂದು ಮಧ್ಯಾಹ್ನದಲ್ಲಿ ಒಂದು ಬ್ಲಾಕ್ ಮುಗಿಯುತ್ತದೆ. ಜೊತೆಗೆ ಟ್ಯಾಂಕ್ ತುಂಬಿದಾಗ ಪಂಪ್ ತಾನೇ ನಿಲ್ಲುವಂತೆ ಲೆವೆಲ್ ಕಂಟ್ರೋಲರ್ ಹಾಕಿಸಿ. ಮನೆಮನೆಗೆ ನೀರಿನ ಮೀಟರ್ ಹಾಕಿಸಿದರೆ ಇನ್ನೂ ಒಳ್ಳೆಯದು, ಆದರೆ ಅದಕ್ಕೆ ಸಭೆಯಲ್ಲಿ ಜಗಳ ಆಗುತ್ತದೆ, ತಯಾರಾಗಿ ಹೋಗಿ.

ಎಸ್‌ಟಿಪಿಯ ಬ್ಲೋವರ್ ಇನ್ನೊಂದು ಹೊಟ್ಟೆಬಾಕ. ಕೊಳಚೆಗೆ ಗಾಳಿ ಊದಲು ಅದು ಹಗಲೂ ರಾತ್ರಿ ಓಡುತ್ತಿರುತ್ತದೆ. ನೀರಿನಲ್ಲಿ ಕರಗಿದ ಆಮ್ಲಜನಕ ಲೀಟರಿಗೆ 2 ಮಿಲಿಗ್ರಾಂ ಆಸುಪಾಸು ಇದ್ದರೆ ಸಾಕು. ಅದಕ್ಕಿಂತ ಜಾಸ್ತಿ ಊದುವುದು ದುಡ್ಡು ಊದಿದ ಹಾಗೆ. ಅಳೆಯಲು ಚಿಕ್ಕ ಉಪಕರಣ ಸಿಗುತ್ತದೆ. ಅಳೆದು ವೇಗ ಇಳಿಸಿ. ಹಾಗಂತ ಪೂರ್ತಿ ಆರಿಸಬೇಡಿ, ವಾಸನೆ ಬರುತ್ತದೆ, ಗಾಳಿಯಿಲ್ಲದೆ ಕೊಳೆತರೆ ಮೀಥೇನ್ ಕೂಡ ಬರುತ್ತದೆ.

ಹಸಿ ಕಸದಲ್ಲೂ ಇದೇ ಕತೆ. ಸಾಂಬಾರಿನ ನುಗ್ಗೆಕಾಯಿ ಸಿಪ್ಪೆ, ಉಳಿದ ಅನ್ನ ಎಲ್ಲ ಪ್ಲಾಸ್ಟಿಕ್ ಚೀಲದಲ್ಲಿ ಸೇರಿ ಕಸದ ಗುಡ್ಡದ ಅಡಿಗೆ ಹೋದರೆ ಅಲ್ಲಿ ಗಾಳಿಯಾಡದೆ ಕೊಳೆತು ಮೀಥೇನ್ ಆಗುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಮೀಥೇನ್ ಕಾರ್ಬನ್ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಬಿಸಿ ಹಿಡಿಯುತ್ತದೆ. ಇಪ್ಪತ್ತು ವರ್ಷದ ಲೆಕ್ಕದಲ್ಲಿ 80 ಪಟ್ಟು. ಒರಟು ಲೆಕ್ಕಕ್ಕೆ ಒಂದು ಟನ್ ಊಟದ ಕಸ ಆಳದ ಗುಡ್ಡ ಸೇರಿದರೆ ಒಂದು ಟನ್ ಕಾರ್ಬನ್ನಿಗೆ ಸಮ. ನೂರು ಮನೆ, ಮನೆಗೆ ಅರ್ಧ ಕೆಜಿ ಅಂದರೂ ತಿಂಗಳಿಗೆ ಒಂದೂವರೆ ಟನ್. ಆ ಜನರೇಟರಿನ ಮೂರು ಪಟ್ಟಿಗಿಂತ ಜಾಸ್ತಿ!

ಈ ಕಸದ ಪಾಡು ಏನೆಂದು ಮಾವಳ್ಳಿಪುರ, ಮಂಡೂರಿನವರನ್ನು ಕೇಳಬೇಕು. ನಮ್ಮ ಅಡುಗೆಮನೆಯ ವಾಸನೆಯನ್ನು ಅವರು ವರ್ಷಗಟ್ಟಲೆ ಕುಡಿದರು. ಅವರು ರಸ್ತೆಗಿಳಿದ ಮೇಲೆಯೇ ಅಲ್ಲಿ ಸುರಿಯುವುದು ನಿಂತದ್ದು. ನಿಮ್ಮ ಕಾಂಪೌಂಡಿನಲ್ಲೇ ಕಾಂಪೋಸ್ಟ್ ಮಾಡಿ. ಒಣ ಎಲೆ ಅಥವಾ ತೆಂಗಿನ ನಾರಿನ ಪುಡಿ ಪದರ ಪದರವಾಗಿ ಹಾಕಿ, ವಾರಕ್ಕೊಮ್ಮೆ ತಿರುವಿ ಹಾಕಿ, ಗಾಳಿಯಾಡಲಿ. ವಾಸನೆ ಬಂದರೆ ನೀರು ಜಾಸ್ತಿಯಾಗಿದೆ ಎಂದರ್ಥ, ಒಣ ಎಲೆ ಸೇರಿಸಿ. ಕರೆಂಟಿನಲ್ಲಿ ಒಣಗಿಸಿ ಒಂದೇ ದಿನದಲ್ಲಿ ಗೊಬ್ಬರ ಮಾಡುವ ಯಂತ್ರ ಮಾರುವವರು ಬರುತ್ತಾರೆ. ಅದರಿಂದ ಬರುವುದು ಒಣಗಿದ ಕಸ, ಗೊಬ್ಬರ ಆಗಿರುವುದಿಲ್ಲ. ಕರೆಂಟ್ ಬಿಲ್ಲು ಮಾತ್ರ ನಿಜವಾದದ್ದು.

ಹೆಜ್ಜೆ 5: ಕ್ಯಾಂಪಸ್

ಕಾಲೇಜಿನವರಿಗೆ ಬೇರೆಯವರಿಗಿಲ್ಲದ ಒಂದು ಅನುಕೂಲ ಇದೆ. ಲೆಕ್ಕ ಹಾಕಲು ನೂರಾರು ಹುಡುಗರು ಪುಕ್ಕಟೆ ಸಿಗುತ್ತಾರೆ, ಅವರಿಗೆ ಪ್ರಾಜೆಕ್ಟಿಗೆ ವಿಷಯವೂ ಬೇಕು. ಅವರನ್ನು ಘೋಷಣೆ ಕೂಗುವುದಕ್ಕೆ ಕಳಿಸುವ ಬದಲು ಹಾಸ್ಟೆಲ್ ಮೀಟರ್ ಓದುವುದಕ್ಕೆ ಕಳಿಸಿ.

ಹಾಸ್ಟೆಲಿನಲ್ಲಿ ದೊಡ್ಡ ಖರ್ಚು ಬಿಸಿನೀರು. ಒಬ್ಬರಿಗೆ 20 ಲೀಟರ್ ನೀರನ್ನು ಸ್ನಾನದ ಬಿಸಿಗೆ ತರಲು 0.4 ಯೂನಿಟ್‌ಗಿಂತ ಸ್ವಲ್ಪ ಜಾಸ್ತಿ ಬೇಕು. ಐನೂರು ಹುಡುಗರು, ವರ್ಷಕ್ಕೆ 250 ದಿನ ಎಂದರೆ 50,000 ಯೂನಿಟ್ ದಾಟುತ್ತದೆ, 35 ಟನ್ ಮೇಲೆ. ಸೋಲಾರ್ ವಾಟರ್ ಹೀಟರ್ ನಮ್ಮ ಊರುಗಳಿಗೆ ಹೇಳಿ ಮಾಡಿಸಿದಂಥದ್ದು. ಬೆಂಗಳೂರಿನ ತಾರಸಿಗಳ ಮೇಲೆ ಅದಿಲ್ಲದ ಬೀದಿಯೇ ಕಡಿಮೆ. ಆದರೆ ಎಷ್ಟೋ ಹಾಸ್ಟೆಲುಗಳಲ್ಲಿ ಅದು ತಾರಸಿಯ ಮೇಲೆ ಧೂಳು ಹಿಡಿದು ಕೂತಿರುತ್ತದೆ, ಕೆಳಗೆ ಗೀಸರ್ ಓಡುತ್ತಿರುತ್ತದೆ. ಗಡಸು ನೀರಿನ ಉಪ್ಪು ಕಟ್ಟಿ ಕೊಳವೆ ಮುಚ್ಚಿರುತ್ತದೆ ಅಷ್ಟೆ. ಹೊಸದು ಕೊಳ್ಳುವ ಮೊದಲು ಹಳೆಯದರ ಉಪ್ಪು ತೆಗೆಸಿ. ಬಿಸಿಲು ಸಾಲದ ಮಲೆನಾಡಿನ ಮಳೆಗಾಲಕ್ಕೆ ಸುತ್ತಲಿನ ಗಾಳಿಯ ಶಾಖವನ್ನು ಎಳೆದು ನೀರಿಗೆ ಕೊಡುವ ಹೀಟ್ ಪಂಪ್ ಒಳ್ಳೆಯದು, ಗೀಸರಿಗೆ ಬೇಕಾದ ಕರೆಂಟಿನ ಮೂರನೇ ಒಂದು ಭಾಗದಲ್ಲಿ ಅದೇ ನೀರು ಕಾಯಿಸುತ್ತದೆ.

ಆಮೇಲೆ ಫ್ಯಾನು. ಹಳೇ ಫ್ಯಾನ್ 75 ವಾಟ್ ತಿನ್ನುತ್ತದೆ, ಕರೆಂಟು ಕಡಿಮೆ ಬೇಡುವ ಹೊಸ ಬಗೆಯ ಮೋಟರಿನ ಬಿಎಲ್‌ಡಿಸಿ ಫ್ಯಾನ್ ಸುಮಾರು 30. ದಿನಕ್ಕೆ 12 ಗಂಟೆ, ವರ್ಷಕ್ಕೆ 300 ದಿನ ತಿರುಗಿದರೆ ಒಂದು ಫ್ಯಾನಿಗೆ 160 ಯೂನಿಟ್ ಉಳಿತಾಯ. ಹಾಸ್ಟೆಲ್ ರೂಮು, ಲೈಬ್ರರಿಯಂಥ ಜಾಸ್ತಿ ತಿರುಗುವ ಕಡೆ ಮೊದಲು ಹಾಕಿ. ವರ್ಷಕ್ಕೆ ಹತ್ತು ಸಲ ಬಳಸುವ ಆಡಿಟೋರಿಯಂನಲ್ಲಿ ಹಳೆಯದೇ ಇರಲಿ, ಬೇಗ ಮಾಡಬೇಕಾದ ಕೆಲಸವಲ್ಲ.

ಮೆಸ್ಸಿನಲ್ಲಿ ತಟ್ಟೆಯಲ್ಲಿ ಬಿಟ್ಟ ಊಟವನ್ನು ಒಂದು ವಾರ ತೂಗಿ, ತಿಂಡಿಯ ಹೆಸರಿನೊಂದಿಗೆ ಬೋರ್ಡಿನ ಮೇಲೆ ಬರೆಯಿರಿ. ನಾನು ನೋಡಿದ ಒಂದು ಮೆಸ್ಸಿನಲ್ಲಿ ಗೆದ್ದದ್ದು ಸೋಮವಾರದ ಉಪ್ಪಿಟ್ಟು. ಭಟ್ಟರಿಗೆ ಮೊದಲು ಬೇಜಾರಾಯಿತು, ಆಮೇಲೆ ಅವರೇ ಅಳತೆ ಇಳಿಸಿದರು. ಅಡುಗೆಗೆ ಬೇಕಾದ ಅಕ್ಕಿ, ಗ್ಯಾಸು, ನೀರು ಮೂರೂ ಉಳಿಯಿತು. ಉಳಿದ ಹಸಿ ಕಸ ದಿನಕ್ಕೆ 100 ಕೆಜಿ ಇದ್ದರೆ ಬಯೋಗ್ಯಾಸ್ ಯೋಚಿಸಬಹುದು. ಅದರಿಂದ ದಿನಕ್ಕೆ ಮೂರು ನಾಲ್ಕು ಕೆಜಿ ಸಿಲಿಂಡರ್ ಗ್ಯಾಸಿಗೆ ಸಮನಾದ ಅನಿಲ ಸಿಗುತ್ತದೆ. ಒಂದು ಎಚ್ಚರಿಕೆ: ರಜೆಯಲ್ಲಿ ಬಳಸುವವರಿಲ್ಲ ಎಂದು ಗ್ಯಾಸನ್ನು ಗಾಳಿಗೆ ಬಿಡಬೇಡಿ, ಅದು ಮೀಥೇನ್. ಉರಿಸಿಬಿಡಿ.

ಓಡಾಟದ ಲೆಕ್ಕವೂ ಕಣ್ಣು ತೆರೆಸುವಂಥದ್ದು. ಲೀಟರಿಗೆ 15 ಕಿಮೀ ಕೊಡುವ ಕಾರಿನಲ್ಲಿ ಒಬ್ಬರೇ ಬಂದರೆ ಕಿಮೀಗೆ 150 ಗ್ರಾಂ. ಬೈಕಿನಲ್ಲಿ 50 ಗ್ರಾಂ. ಐವತ್ತು ಜನ ಕೂತ ಡೀಸೆಲ್ ಬಸ್ಸಿನಲ್ಲಿ ತಲೆಗೆ 12 ಗ್ರಾಂ. ಹಾಗಾಗಿ ಎಲೆಕ್ಟ್ರಿಕ್ ಕಾರಿನ ಚಾರ್ಜಿಂಗ್ ಪಾಯಿಂಟ್ ಹಾಕಿ ಫೋಟೊ ಹೊಡೆಸಿಕೊಳ್ಳುವ ಮೊದಲು ಕಾಲೇಜಿನ ಗೇಟಿನ ಹತ್ತಿರ ಬಸ್ ನಿಲ್ಲುವಂತೆ ಸಾರಿಗೆ ನಿಗಮಕ್ಕೆ ಒಂದು ಅರ್ಜಿ ಕೊಡಿ. ಮೈಸೂರಿನಲ್ಲಿ 2017ರಲ್ಲಿ ಟ್ರಿನ್ ಟ್ರಿನ್ ಬಾಡಿಗೆ ಸೈಕಲ್ ಶುರುವಾಯಿತು. ಕ್ಯಾಂಪಸ್ ಒಳಗೆ ಅಂಥದ್ದೇ ಒಂದು ಸಣ್ಣ ವ್ಯವಸ್ಥೆಗೆ ಹಳೇ ಸೈಕಲ್ ರಿಪೇರಿ ಮಾಡುವವರೊಬ್ಬರು ಸಿಕ್ಕರೆ ಸಾಕು.

ಹೆಜ್ಜೆ 6: ಅಂಗಡಿ, ಹೋಟೆಲು, ಕಾರ್ಖಾನೆ

ದರ್ಶಿನಿ ನಡೆಸುವವರಿಗೆ ಗ್ಯಾಸೇ ಮುಖ್ಯ. ದಿನಕ್ಕೆ ಎರಡು ಕಮರ್ಷಿಯಲ್ ಸಿಲಿಂಡರ್ ಖಾಲಿಯಾದರೆ ವರ್ಷಕ್ಕೆ 40 ಟನ್ ಮೇಲೆ. ಉರಿ ಹಳದಿಯಾಗಿದ್ದರೆ ಬರ್ನರ್ ತೊಳೆಯಿರಿ, ನೀಲಿ ಬರಬೇಕು. ಇಡ್ಲಿ ಸ್ಟೀಮರಿಗೆ, ಅನ್ನಕ್ಕೆ ತಣ್ಣೀರು ಇಡುವ ಬದಲು ಸೋಲಾರ್ ಹೀಟರಿನ 60 ಡಿಗ್ರಿ ನೀರು ಇಟ್ಟರೆ ಕುದಿ ಬರಲು ಬೇಕಾದ ಶಾಖದ ಅರ್ಧದಷ್ಟನ್ನು ಬಿಸಿಲೇ ಕೊಟ್ಟಿರುತ್ತದೆ. ಅಡುಗೆಗೆ ಬಳಸುವುದಾದರೆ ಟ್ಯಾಂಕ್ ಸ್ಟೀಲಿನದ್ದೇ ಆಗಿರಲಿ. ಇದನ್ನು ಮಾಡುವ ಹೋಟೆಲುಗಳು ಇವೆ, ಆದರೆ ಕಡಿಮೆ. ಕಾರಣ ಕೇಳಿದರೆ ತಾರಸಿ ಮಾಲೀಕರದ್ದು ಎನ್ನುತ್ತಾರೆ. ಬಾಡಿಗೆ ಕರಾರು ನವೀಕರಿಸುವಾಗಲೇ ತಾರಸಿಯ ಮಾತು ಆಡಿಕೊಳ್ಳಿ.

ಪೀಣ್ಯ, ಬೊಮ್ಮಸಂದ್ರ, ಬೆಳಗಾವಿ, ಹುಬ್ಬಳ್ಳಿಯ ವರ್ಕ್‌ಶಾಪಿನವರು ಮಧ್ಯಾಹ್ನ ಊಟದ ಬಿಡುವಿನಲ್ಲಿ ಮಷೀನು ಎಲ್ಲ ನಿಂತಾಗ ಕಿವಿ ಕೊಟ್ಟು ಕೇಳಿ. ಎಲ್ಲಿಂದಾದರೂ 'ಸ್ಸ್‌' ಎಂದು ಬಂದರೆ ಅದು ಗಾಳಿ ಸೋರುತ್ತಿರುವ ಸದ್ದು. 7 ಬಾರ್ ಒತ್ತಡದಲ್ಲಿ 3 ಮಿಮೀ ತೂತಿನಿಂದ ಸೋರುವ ಗಾಳಿಗೆ ಕಂಪ್ರೆಸರ್ 3 ಕಿಲೋವಾಟ್‌ಗೂ ಜಾಸ್ತಿ ತಿನ್ನುತ್ತದೆ. ದಿನಕ್ಕೆ ಎಂಟು ಗಂಟೆ, ವರ್ಷಕ್ಕೆ 300 ದಿನ: 7,200 ಯೂನಿಟ್, 5 ಟನ್. ಸೋಪು ನೀರು ಹಚ್ಚಿ ಗುಳ್ಳೆ ನೋಡಿ, ಹೋಸ್ ಕ್ಲಿಪ್ ಬಿಗಿ ಮಾಡಿ. ಕೆಲಸಕ್ಕೆ 6 ಬಾರ್ ಸಾಕಾದರೆ 7ಕ್ಕೆ ಇಡಬೇಡಿ, ಒಂದು ಬಾರ್ ಇಳಿಸಿದರೆ ಕರೆಂಟು ನೂರಕ್ಕೆ ಆರೇಳು ಇಳಿಯುತ್ತದೆ. ಸುಟ್ಟ ಮೋಟರನ್ನು ಮೂರನೇ ಸಲ ರೀವೈಂಡ್ ಮಾಡಿಸುವ ಮೊದಲು ಕರೆಂಟು ಕಡಿಮೆ ಪೋಲು ಮಾಡುವ ಹೊಸ ಐಇ3 ದರ್ಜೆಯ ಮೋಟರಿನ ಬೆಲೆ ಕೇಳಿ. ದೊಡ್ಡ ಫ್ಯಾನು, ಬ್ಲೋವರ್‌ಗಳಿಗೆ ಮೋಟರಿನ ವೇಗ ಹೆಚ್ಚುಕಡಿಮೆ ಮಾಡುವ ಡ್ರೈವ್ ಹಾಕಿ ವೇಗ ನೂರಕ್ಕೆ ಇಪ್ಪತ್ತು ಇಳಿಸಿದರೆ ಕರೆಂಟು ಹೆಚ್ಚುಕಡಿಮೆ ಅರ್ಧಕ್ಕೆ ಬರುತ್ತದೆ. ಇದು ಮ್ಯಾಜಿಕ್ ಅಲ್ಲ, ಫ್ಯಾನಿನ ಗುಣವೇ ಹಾಗೆ.

ಎಸಿ ಬಗ್ಗೆ ಒಂದು ಮಾತು ಜೋರಾಗಿ ಹೇಳಬೇಕು. "ಗ್ಯಾಸ್ ಕಮ್ಮಿಯಾಗಿದೆ ಸಾರ್, ತುಂಬಿಸಬೇಕು" ಎಂದು ಪ್ರತಿ ಬೇಸಿಗೆಯಲ್ಲೂ ಮೆಕ್ಯಾನಿಕ್ ಬಂದರೆ ಎಲ್ಲೋ ಸೋರುತ್ತಿದೆ ಎಂದರ್ಥ. ಎಸಿಯ ಗ್ಯಾಸು ಪೆಟ್ರೋಲಿನಂತೆ ಖರ್ಚಾಗುವಂಥದ್ದಲ್ಲ. ಎಷ್ಟೋ ಎಸಿಗಳಲ್ಲಿರುವ ಆರ್-410ಎ ಎಂಬ ಗ್ಯಾಸು ಒಂದು ಕೆಜಿ ಗಾಳಿಗೆ ಹೋದರೆ ಎರಡು ಟನ್ ಕಾರ್ಬನ್ ಡೈಆಕ್ಸೈಡಿಗೆ ಸಮ, ಅಂದರೆ 3,000 ಯೂನಿಟ್ ಕರೆಂಟಿನಷ್ಟು. ಹಳೇ ಆರ್-22 ಕೂಡ ಸುಮಾರು ಅಷ್ಟೇ. ಸೋರುವ ಜಾಗಕ್ಕೆ ಬೆಸುಗೆ ಹಾಕಿಸದೆ ಗ್ಯಾಸ್ ತುಂಬಿಸಬೇಡಿ. ರಿಪೇರಿಗೆ ಮುನ್ನ ಇದ್ದ ಗ್ಯಾಸನ್ನು ಗಾಳಿಗೆ ಬಿಡದೆ ಸಿಲಿಂಡರಿಗೆ ಹಿಡಿಯಲು ಹೇಳಿ. ಹೊಸ ಎಸಿ ಕೊಳ್ಳುವಾಗ ಸ್ಟಾರ್ ನೋಡುವ ಹಾಗೆ ಗ್ಯಾಸಿನ ಹೆಸರನ್ನೂ ನೋಡಿ. ಆರ್-32 ಈ ಲೆಕ್ಕದಲ್ಲಿ ಆರ್-410ಎಯ ಮೂರನೇ ಒಂದು ಭಾಗ, ಆರ್-290 ಇನ್ನೂ ಬಹಳ ಕಡಿಮೆ. ಹಾಂ, 24 ಡಿಗ್ರಿಗೆ ಇಡಿ. ಬೆಂಗಳೂರಿನಲ್ಲಿ 18ಕ್ಕೆ ಇಟ್ಟು ಸ್ವೆಟರ್ ಹಾಕಿಕೊಂಡು ಕೂರುವ ಆಫೀಸುಗಳನ್ನು ನೋಡಿದರೆ ನಗು ಬರುತ್ತದೆ.

ನಿಮ್ಮದು ಸಣ್ಣ ಕಂಪನಿ, ಯಾರು ಕೇಳುತ್ತಾರೆ ಎಂದುಕೊಂಡಿದ್ದರೆ, ಈಗ ಕೇಳುತ್ತಾರೆ. ಶೇರುಪೇಟೆಯ ಮೊದಲ 1,000 ಕಂಪನಿಗಳು 2022–23ರಿಂದ ಶೇರುಪೇಟೆಯ ನಿಯಂತ್ರಕ ಸೆಬಿಯ ನಿಯಮದಂತೆ ಪರಿಸರದ ವರದಿ ಕೊಡಲೇಬೇಕು. ಅವರು ತಮಗೆ ಬಿಡಿಭಾಗ ಕೊಡುವವರಿಗೆ ಪ್ರಶ್ನಾವಳಿ ಕಳಿಸುತ್ತಿದ್ದಾರೆ. ಯುರೋಪಿಗೆ ಕಬ್ಬಿಣ, ಉಕ್ಕು, ಅಲ್ಯೂಮಿನಿಯಂ ಸಾಮಾನು ಕಳಿಸುವವರಿಗೆ ಅಲ್ಲಿನ ಗಡಿ ಕಾರ್ಬನ್ ನಿಯಮದ ವರದಿ 2023ರ ಅಕ್ಟೋಬರಿನಿಂದಲೇ ಶುರುವಾಗಿದೆ. ಹೆಜ್ಜೆ 1ರ ಹಾಳೆ ಕೈಯಲ್ಲಿದ್ದರೆ ಆ ಪ್ರಶ್ನಾವಳಿ ಒಂದು ಸಂಜೆಯ ಕೆಲಸ.

ಹೆಜ್ಜೆ 7: ಈಗ ಸೋಲಾರ್

ಬಹಳ ಜನ ಇಲ್ಲಿಂದಲೇ ಶುರು ಮಾಡುತ್ತಾರೆ. ನಾವೂ ಹಾಗೇ ಮಾಡಲು ಹೋಗಿ ಪೆಟ್ಟು ತಿಂದೆವು. ಕಂಪನಿಯವರು ತಂದ ನಕ್ಷೆಯಲ್ಲಿ ತಾರಸಿ ಚೆಂದ ಕಂಡಿತು. ಹಾಕಿದ ಮೇಲೆ ಗೊತ್ತಾಯಿತು, ಮಧ್ಯಾಹ್ನ ಮೂರರ ನಂತರ ಲಿಫ್ಟ್ ರೂಮಿನ ನೆರಳು ಎರಡು ಸಾಲು ಪ್ಯಾನೆಲ್ ಮೇಲೆ ಬೀಳುತ್ತದೆ. ಒಂದು ದಿನ ಬೆಳಗ್ಗೆ ಎಂಟರಿಂದ ಸಂಜೆ ಐದರವರೆಗೆ ಗಂಟೆಗೊಮ್ಮೆ ತಾರಸಿಯ ಫೋಟೊ ತೆಗೆದಿದ್ದರೆ ಇದು ತಪ್ಪುತ್ತಿತ್ತು. ನೀವು ತೆಗೆಯಿರಿ, ಡಿಸೆಂಬರಿನಲ್ಲಿ ತೆಗೆದರೆ ಇನ್ನೂ ಒಳ್ಳೆಯದು. ಆಗ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ನೆರಳು ಉದ್ದ.

ಲೆಕ್ಕ ಸುಲಭ. ಒಂದು ಕಿಲೋವಾಟ್‌ಗೆ ನೂರು ಚದರ ಅಡಿ ಜಾಗ, ದಿನಕ್ಕೆ ಸರಾಸರಿ ನಾಲ್ಕು ಯೂನಿಟ್, ವರ್ಷಕ್ಕೆ 1,400 ಯೂನಿಟ್, ಹೆಚ್ಚುಕಡಿಮೆ ಒಂದು ಟನ್ ಕಾರ್ಬನ್ ಉಳಿತಾಯ. 2024ರಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮನೆಗೆ 3 ಕಿಲೋವಾಟ್‌ವರೆಗೆ ಗರಿಷ್ಠ 78,000 ರೂಪಾಯಿ ಸಹಾಯಧನ ಇದೆ. ಅಪಾರ್ಟ್‌ಮೆಂಟಿನ ಕಾಮನ್ ಮೀಟರಿಗೆ ಕಿಲೋವಾಟ್‌ಗೆ 18,000 ರೂಪಾಯಿ. ಇದು ಬಹಳ ಅಸೋಸಿಯೇಷನ್‌ಗಳಿಗೆ ಗೊತ್ತೇ ಇಲ್ಲ. ಅರ್ಜಿ ಕೊಡುವ ಹೊತ್ತಿಗೆ ಸಹಾಯಧನ ಎಷ್ಟಿದೆ ಎಂದು ನಿಮ್ಮ ಎಸ್ಕಾಂ ಕಚೇರಿಯಲ್ಲಿ ವಿಚಾರಿಸಿ. ನೆಟ್ ಮೀಟರಿಂಗ್ (ಗ್ರಿಡ್‌ಗೆ ಕೊಟ್ಟ ಯೂನಿಟ್ಟನ್ನು ಬಿಲ್ಲಿನಲ್ಲಿ ಕಳೆಯುವ ವ್ಯವಸ್ಥೆ) ಅರ್ಜಿ, ಮಂಜೂರಾದ ಲೋಡು, ತಿಂಗಳಿಗೆ ಎರಡು ಸಲ ಪ್ಯಾನೆಲ್ ತೊಳೆಯುವವರು ಯಾರು, ಇನ್ವರ್ಟರ್ ಕೆಟ್ಟರೆ ಎಷ್ಟು ದಿನದಲ್ಲಿ ಬರುತ್ತಾರೆ, ಈ ನಾಲ್ಕನ್ನು ಬರವಣಿಗೆಯಲ್ಲಿ ಪಡೆಯಿರಿ. ತಾರಸಿ ಸಾಲದ ಕಾರ್ಖಾನೆಗಳು ಮುಕ್ತ ಪ್ರವೇಶದಲ್ಲಿ, ಅಂದರೆ ಎಸ್ಕಾಂ ಬಿಟ್ಟು ಬೇರೆ ಉತ್ಪಾದಕರಿಂದ ಗ್ರಿಡ್ ಮೂಲಕವೇ, ಸೋಲಾರ್ ಅಥವಾ ಗಾಳಿ ವಿದ್ಯುತ್ ಕೊಳ್ಳಬಹುದು. 2022ರ ಕೇಂದ್ರ ನಿಯಮ ಬಂದ ಮೇಲೆ 100 ಕಿಲೋವಾಟ್ ಲೋಡು ಇರುವವರಿಗೂ ಬಾಗಿಲು ತೆರೆದಿದೆ.

ಪಂಪು, ಫ್ಯಾನು, ಸೋರಿಕೆ ಮೊದಲು ಸರಿ ಮಾಡಿ ಎಂದದ್ದು ಇದಕ್ಕೇ. 8,000 ಯೂನಿಟ್ 6,000ಕ್ಕೆ ಇಳಿದ ಮೇಲೆ ಕೊಳ್ಳಬೇಕಾದ ಪ್ಯಾನೆಲ್ಲೂ ಕಾಲುಭಾಗ ಕಡಿಮೆ.

ಹಳ್ಳಿಯ ಮಾತು

ನಗರದ್ದೇ ಹೇಳಿದೆ, ನಿಜ. ಹಳ್ಳಿಯಲ್ಲಿ ಸೂತ್ರ ಅದೇ, ವಸ್ತು ಬೇರೆ. ರಾಜ್ಯದ ಕರೆಂಟಿನಲ್ಲಿ ಮೂರನೇ ಒಂದು ಪಾಲಿನಷ್ಟು ನೀರಾವರಿ ಪಂಪುಗಳಿಗೆ ಹೋಗುತ್ತದೆ. ಹನಿ ನೀರಾವರಿ, ಕೆರೆ ಹೂಳೆತ್ತುವುದು, ಅಂತರ್ಜಲ ಮೇಲೆ ತರುವುದು ಎಲ್ಲವೂ ಹೊಗೆ ಇಳಿಸುವ ಕೆಲಸವೇ. ಸಗಣಿ ಇದ್ದ ಮನೆಗೆ ಗೋಬರ್ ಗ್ಯಾಸ್. ಬಾಗೇಪಲ್ಲಿಯ ಕೂಲಿ ಸಂಘದವರು ಐದು ಸಾವಿರಕ್ಕೂ ಹೆಚ್ಚು ಮನೆಗಳಿಗೆ ಅದನ್ನು ಕಟ್ಟಿ, ಕಾರ್ಬನ್ ಕ್ರೆಡಿಟ್ (ಇಳಿಸಿದ ಹೊಗೆಗೆ ಸಿಗುವ, ಮಾರಬಹುದಾದ ಪ್ರಮಾಣಪತ್ರ) ಕೂಡ ಪಡೆದವರು.

ಕುಣಿಗಲ್ ತಾಲ್ಲೂಕಿನ ಪುರ ಎಂಬ ಸಣ್ಣ ಊರಿನ ಕತೆ ನನಗೆ ಬಹಳ ಇಷ್ಟ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿ ಮತ್ತು ಸಂಗಡಿಗರು ಅಸ್ತ್ರ ಎಂಬ ಕೇಂದ್ರ ಶುರು ಮಾಡಿದರು, ಹಳ್ಳಿಗೆ ವಿಜ್ಞಾನ ತರಲು. ಅವರು ಪುರದಲ್ಲಿ ಊರಿಗೆಲ್ಲ ಒಂದೇ ಗೋಬರ್ ಗ್ಯಾಸ್ ಕಟ್ಟಿ ಅಡುಗೆಗೆ ಕೊಡಲು ಹೊರಟರು. ಎಲ್ಲರ ಅಡುಗೆಗೆ ಆಗುವಷ್ಟು ಗ್ಯಾಸ್ ಬರಲಿಲ್ಲ, ಯೋಜನೆ ಮುಗ್ಗರಿಸಿತು. ಆಗ ಊರಿನವರಿಗೆ ನಿಜಕ್ಕೂ ಬೇಕಾಗಿದ್ದದ್ದು ಕುಡಿಯುವ ನೀರು ಮತ್ತು ದೀಪ. 1987ರ ಹೊತ್ತಿಗೆ ಅದೇ ಗ್ಯಾಸಿನಿಂದ ಎಂಜಿನ್ ಓಡಿಸಿ, ಕರೆಂಟು ಮಾಡಿ, ಬೋರ್‌ವೆಲ್ ನೀರು ನಲ್ಲಿಗೆ ಬಂತು, ಮನೆಗೆ ದೀಪ ಬಂತು. ಸಗಣಿ ಕೊಟ್ಟವರಿಗೆ ಕೆಜಿ ಲೆಕ್ಕದಲ್ಲಿ ಪುಡಿಗಾಸು, ಜೊತೆಗೆ ಗೊಬ್ಬರ ವಾಪಸ್. ಯಂತ್ರ ಅದೇ, ಸಗಣಿ ಅದೇ. ನಿಮ್ಮ ಅಪಾರ್ಟ್‌ಮೆಂಟಿನಲ್ಲೂ ಕೆಲಸ ಶುರು ಮಾಡುವ ಮೊದಲು ಜನರಿಗೆ ಏನು ತೊಂದರೆ ಇದೆ ಎಂದು ಕೇಳಿ. ನಮ್ಮಲ್ಲಿ ಕಾರ್ಬನ್ ಎಂದರೆ ಯಾರೂ ಬರಲಿಲ್ಲ, ಟ್ಯಾಂಕರ್ ಬಿಲ್ಲು ಎಂದಾಗ ನಲವತ್ತು ಜನ ಬಂದರು.

ಹೆಜ್ಜೆ 8: ಬೋರ್ಡು ಹಾಕುವ ಮೊದಲು

'ಕಾರ್ಬನ್ ನ್ಯೂಟ್ರಲ್ ಕ್ಯಾಂಪಸ್' ಎಂಬ ಬೋರ್ಡು ಬರೆಸಲು ಆತುರ ಬೇಡ. ಎಲ್ಲೋ ನೆಟ್ಟ ಮರದ ಲೆಕ್ಕದಲ್ಲಿ ಕ್ರೆಡಿಟ್ ಕೊಂಡು ಇಲ್ಲಿಯ ಹೊಗೆಯನ್ನು ಸೊನ್ನೆ ಮಾಡುವುದು ಸುಲಭ, ಅದಕ್ಕೇ ಅದು ಕೊನೆಗಿರಲಿ. ಬೇಕಾದರೆ ಗೇಟಿನ ಹತ್ತಿರ ಒಂದು ಕರಿಹಲಗೆ ಹಾಕಿ. ಈ ತಿಂಗಳ ಯೂನಿಟ್, ಕಳೆದ ವರ್ಷ ಇದೇ ತಿಂಗಳ ಯೂನಿಟ್, ಡೀಸೆಲ್, ಸಿಲಿಂಡರ್, ಕಸ ಬರೆಯಿರಿ. ಏಪ್ರಿಲನ್ನು ಏಪ್ರಿಲಿಗೇ ಹೋಲಿಸಿ, ಮಾರ್ಚಿಗೆ ಬೇಡ. ಕಾರ್ಖಾನೆಯಾದರೆ ತಯಾರಿಸಿದ ಸಾಮಾನಿನ ತೂಕಕ್ಕೆ ಎಷ್ಟು ಯೂನಿಟ್ ಎಂದೂ ಬರೆಯಿರಿ, ಇಲ್ಲದಿದ್ದರೆ ಆರ್ಡರ್ ಕಡಿಮೆಯಾದದ್ದನ್ನೇ ಉಳಿತಾಯ ಎಂದುಕೊಳ್ಳುತ್ತೀರಿ. ಹಾಸ್ಟೆಲಿನಲ್ಲಿ ತಲೆಗೆ ಎಷ್ಟು ಎಂದು.

ನಮ್ಮ ಕರಿಹಲಗೆಯಲ್ಲಿ ಬರೆಯುವವರು ಈಗ ಆ ವಾಟರ್‌ಮನ್ ಅಣ್ಣನೇ. ಅಕ್ಷರ ದುಂಡಗಿದೆ. ಯೂನಿಟ್ ಜಾಸ್ತಿಯಾದ ತಿಂಗಳು ಕೆಳಗೆ ಕಾರಣವನ್ನೂ ಬರೆಯುತ್ತಾರೆ. ಹೋದ ತಿಂಗಳು ಬರೆದದ್ದು: "ಸಿ ಬ್ಲಾಕ್ ಮದುವೆ, ಎರಡು ದಿನ ಸೀರಿಯಲ್ ಸೆಟ್."